ಸಬರ್ ಮಾಡುವ ರೂಟರ್

ಕೊಯ್ತಾದ ಮೊನೆ ನನ್ನ ಕುತ್ತಿಗೆಗೆ ತಾಗಿತ್ತು!

ಕಬ್ಬು ಕಡಿಯುವ ಕೊಯ್ತಾ. ಕಿಟಕಿಯ ಸರಳುಗಳ ಸಂದಿಯಿಂದ ಒಳಗೆ ಬಂದಿತ್ತು. ಹಿಡಿದಿದ್ದವನು ರಾಜೇಶ್ವರದ ಟ್ರ್ಯಾಕ್ಟರ್ ಡ್ರೈವರ್ ಮಚ್ಚೇಂದ್ರ.

"ಫಿರೋಜನ್ನ ಹೊರಗ ಕಳಿಸ್ರಿ ಮೇಡಂ. ಹೆಣ್ಣಮಗಳು ಅಂತ ಇಷ್ಟೊತ್ತು ಮರ್ಯಾದಿ ಕೊಟ್ಟೇವ್ರಿ."

ಕುತ್ತಿಗೆಗೆ ಕೊಯ್ತಾ ಇಟ್ಟು ಕೊಡುವ ಮರ್ಯಾದೆ... ನಮ್ಮ ಹುಮನಾಬಾದ್ ಸೀಮೆಯಲ್ಲಿ ಮಾತ್ರ ಸಿಗುತ್ತದೆ.

ಕುರ್ಚಿಯನ್ನು ಹಿಂದಕ್ಕೆ ಜರುಗಿಸಿದೆ. ಕೊಯ್ತಾ ಗಾಳಿಯಲ್ಲಿ ಉಳಿಯಿತು.

ನಾನು ಗಜಾಲಾ. ಬಸವಕಲ್ಯಾಣದವಳು. ನೆಟ್‌ವರ್ಕ್ ಕೆಟ್ಟರೆ ಸುತ್ತಲಿನವರು ನನ್ನನ್ನೇ ಕರೆಯುತ್ತಾರೆ. ಅದೂ ಪೂಜೆ, ದುವಾ, ಸ್ವಿಚ್ ಆಫ್, ಸ್ವಿಚ್ ಆನ್ ಎಲ್ಲ ಮುಗಿದ ಮೇಲೆ!

ಆ ಹೊತ್ತು ನಾನಿದ್ದದ್ದು ಒಂದು ಸಕ್ಕರೆ ಕಾರ್ಖಾನೆಯ ಕಾಂಟಾ ಕೋಣೆಯಲ್ಲಿ. ಕಬ್ಬಿನ ಗಾಡಿ ತೂಗುವ ಜಾಗ. ಕಾರ್ಖಾನೆಯ ಹೆಸರು ಮಾತ್ರ ಕೇಳಬೇಡಿ. ತೂಕ ಬಸವಕಲ್ಯಾಣದ ಆಫೀಸಿನ ಸರ್ವರ್ ತಲುಪಿದರೇ ಗೇಟು ಏಳುತ್ತದೆ. ಬೆಳಗಿನಿಂದ ನೆಟ್ ಹೋಗುತ್ತಿತ್ತು, ಬರುತ್ತಿತ್ತು. ಈಗ ಪೂರ್ತಿ ಹೋಗಿತ್ತು. ಸಾಲುಗಟ್ಟಿ ನಿಂತ ಟ್ರಾಲಿಗಳಲ್ಲಿ ಕಬ್ಬು ಒಣಗಿ ಹಗುರಾಗುತ್ತಿತ್ತು. ನೆಟ್ ನೋಡಿಕೊಳ್ಳುವ ಫಿರೋಜನ ಕೈಕಾಲು ಮುರಿಯುವುದೆಂದು ಡ್ರೈವರುಗಳು ತೀರ್ಮಾನಿಸಿದ್ದರು.

ಫಿರೋಜ್ ನನ್ನ ಮೇಜಿನ ಕೆಳಗಿದ್ದ.

ಧಡ್!

ಹೊರಗೆ ಯಾರೋ ಕೋಲಿನಿಂದ ಬಾಗಿಲು ಗುದ್ದುತ್ತಿದ್ದರು. ಚಿಲಕ ಅಲುಗಿತು.

ನೆಟ್‌ಗೆ ಇರುವ ದಾರಿ ಎರಡು. ಒಂದು, ಹುಡಗಿ ಗ್ರಾಮದ ರಸ್ತೆಗೆ ಅಡ್ಡಲಾಗಿ ಜೋತಾಡುವ ವೈರು. ಇನ್ನೊಂದು ಟವರು. ವೈರು ಸತ್ತರೆ ರೂಟರುಗಳು ತಮ್ಮೊಳಗೆ ಮಾತಾಡಿಕೊಂಡು ಟವರಿನ ದಾರಿ ಹಿಡಿಯಬೇಕು. ಅದಕ್ಕೆ ಕನ್ವರ್ಜೆನ್ಸ್ ಅನ್ನುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಆಗಬೇಕಾದ ಕೆಲಸ. ಇಲ್ಲಿ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡರೂ ಆಗುತ್ತಿರಲಿಲ್ಲ.

ಸ್ಕ್ರೀನ್ ನೋಡಿದೆ. ಆಚೆ ತುದಿಯ ರೂಟರ್ ಓಗೊಡುತ್ತಿರಲಿಲ್ಲ. ನಮ್ಮದು ಮಾತ್ರ ಅದು ಬದುಕಿದೆ ಎಂದೇ ನಂಬಿ ಕಾಯುತ್ತ ಕೂತಿತ್ತು. ಕಾಯುವ ಟೈಮರನ್ನು ಯಾರೋ ಎಳೆದೆಳೆದು ಉದ್ದ ಮಾಡಿದ್ದರು.

ಮೇಜಿನ ಕೆಳಗೆ ಬಗ್ಗಿ, ಇದು ಯಾರ ಕೆಲಸ ಎಂದು ಕೇಳಿದೆ.

"ನಂದೇ ರೀ. ಹುಡಗ್ಯಾಗ ಟ್ರಾಲಿ ಹಾಯೋವಾಗ ಕವೆಗೋಲಿನಿಂದ ವೈರ್ ಎತ್ತತಾರ್ರಿ. ಅದು ಅಳ್ಳಾಡಿದಾಗೆಲ್ಲ ರೂಟರ್ ದಾರಿ ಬದಲಿಸತಿತ್ತು, ಆಫೀಸಿನ ಸಾಹೇಬರ ಫೋನಿಗೆ ಅಲಾರಂ ಹೋಗತಿತ್ತು. ದಿನಾ ಬೈಸಿಕೊಂಡು ಸಾಕಾಗಿತ್ತು. ಅದಕ್ಕ ರೂಟರಿಗೆ, ಜಲ್ದಿ ಮಾಡಬ್ಯಾಡ, ಸಬರ್ ಮಾಡು ಅಂತ ಸೆಟ್ ಮಾಡಿದೆ."

ಸಾಹೇಬರ ಒಂದು ಫೋನು ಸುಮ್ಮನಿರಲಿ ಎಂದು ಇಡೀ ಕಾಂಟಾ ಸುಮ್ಮನಾಗಿತ್ತು!

ಧಡ್! ಚಿಲಕದ ತಿರುಪೊಂದು ಕಳಚಿ ನನ್ನ ಕಾಲ ಬಳಿ ಉರುಳಿತು.

ಹೆದರಿಕೆಯಾಯಿತು. ಸುಳ್ಳೇಕೆ ಹೇಳಲಿ? ಟೈಮರನ್ನು ಕತ್ತರಿಸಿ ಚಿಕ್ಕದು ಮಾಡಿದೆ. ಸಾಹೇಬರ ಅಲಾರಂ ಬಂದ್ ಮಾಡಿದೆ. ನಿಜವಾದ ರೋಗ ಇದ್ದದ್ದು ಅಲ್ಲೇ. ಎಂಟರ್ ಒತ್ತಿದೆ...

ವೈರು ಸತ್ತಿದೆ ಎಂದು ರೂಟರ್ ಕೊನೆಗೂ ಒಪ್ಪಿಕೊಂಡಿತು. ಟವರಿನ ದಾರಿ ಹಿಡಿಯಿತು. ಹೊರಗೆ ಗೇಟು ಎದ್ದ ಸದ್ದು ಕೇಳಿಸಿತು.

ನಾನೇ ಬಾಗಿಲು ತೆರೆದೆ.

ಎದುರಿಗೆ ಹುಡಗಿ ಗ್ರಾಮದ ಕಲ್ಲಿನಾಥ ನಿಂತಿದ್ದ. ರಸ್ತೆಯಲ್ಲಿ ಟ್ರಾಲಿಗಳಿಗೆ ವೈರ್ ಎತ್ತಿಕೊಡುವುದೇ ಅವನ ಕೆಲಸ. ಕೈಯಲ್ಲಿ ಅದೇ ಕವೆಗೋಲು. ಇಷ್ಟು ಹೊತ್ತು ನಮ್ಮ ಬಾಗಿಲು ಗುದ್ದಿದ್ದು ಅದರಿಂದಲೇ!

ಅವನ ಹಿಂದೆ, ಎಲ್ಲರಿಗಿಂತ ಕೊನೆಗೆ ಬಂದು ನಿಂತಿದ್ದ ಮಚ್ಚೇಂದ್ರನ ಟ್ರಾಲಿ. ಕಬ್ಬಿನ ತುದಿಗೆ ಸಿಕ್ಕಿಕೊಂಡ ಹರಿದ ಕರಿ ವೈರು ನೆಲದವರೆಗೆ ಜೋತಾಡುತ್ತಿತ್ತು.

"ಕಲ್ಲಿನಾಥ, ನೀ ಇಲ್ಲಿ ಬಂದರ ಅಲ್ಲಿ ವೈರ್ ಯಾರು ಎತ್ತಾಕತ್ತಾರ?"

ಅವನು ಕೋಲು ನೋಡಿದ. ಟ್ರಾಲಿ ನೋಡಿದ.

"ನೆಟ್ ಯಾಕ ಹೋಗಾಕತ್ತದ ಅಂತ ಕೇಳಾಕ ಬಂದಿದ್ದೆ ರೀ..."

ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಮಚ್ಚೇಂದ್ರನ ಕೊಯ್ತಾ ಮೆಲ್ಲಗೆ ಕಲ್ಲಿನಾಥನ ಕಡೆ ತಿರುಗಿತು. ಅಂಗಿ ಹಿಡಿದು ಅವನನ್ನು ಕೋಲಿನ ಸಮೇತ ಒಳಗೆಳೆದು ಚಿಲಕ ಜಡಿದೆ. ಮೇಜಿನ ಕೆಳಗಿದ್ದ ಫಿರೋಜ್ ಸರಿದು ಜಾಗ ಕೊಟ್ಟ.

ಧಡ್! ಈ ಸಲ ಬರಿಗಾಲಿನ ಒದೆ.

ಒಂದು ದಾರಿ ಮುಚ್ಚಿದ ಕೂಡಲೇ ಇನ್ನೊಂದನ್ನು ಹಿಡಿಯುವುದರಲ್ಲಿ ಈ ಜನರನ್ನು ಮೀರಿಸುವ ರೂಟರನ್ನು ನಾನಿನ್ನೂ ನೋಡಿಲ್ಲ!