ಗೆರೆ ದಾಟದ ಬೆಳಕು

ಮೊದಲ ದಿನವೇ ಅವಳು ಅವನಿಂದ ಒಂದೇ ಜೋಡಣೆಯನ್ನು ಮೂರು ಸಲ ಮಾಡಿಸಿದಳು.

"ಮೇಡಂ, ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಇದು. ಇನ್ನೊಂದ್ಸಲ ಕತ್ತರಿಸಿದ್ರೆ ಜೋಡಿಸೋಕೆ ನನ್ನ ಮೀಸೆನೇ ಕೊಡ್ಬೇಕಾಗುತ್ತೆ," ಎಂದು ಅವನು ಫೋನಿನಲ್ಲಿ ಗೋಗರೆದ.

"ಮೀಸೆಯಲ್ಲಿ ಬೆಳಕು ಹಾಯಲ್ಲ. ಇನ್ನೊಂದ್ಸಲ ಮಾಡಿ."

ಸಂಜೆ ಫೈಬರ್ ಜೋಡಿಸುವ ಆ ಮನುಷ್ಯ ಅವಳು ಲೈನ್ ಪರೀಕ್ಷಿಸುವ ಟೆಲಿಫೋನ್ ಎಕ್ಸ್‌ಚೇಂಜ್ ಕೋಣೆಯ ಬಾಗಿಲಲ್ಲಿ ನಿಂತಾಗ ಮುಖದಲ್ಲಿ ಮೀಸೆಯೇ ಇರಲಿಲ್ಲ. ಬೋಳಿಸಿದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು.

"ಜೋಡಣೆಗೆ ಹೋಯ್ತು ಮೇಡಂ," ಎಂದ.

ಅವಳು ನಗಬಾರದೆಂದು ತುಟಿ ಕಚ್ಚಿದಳು. ಆಗಲಿಲ್ಲ.

ಲೈನಿನ ಹುಡುಗರೆಲ್ಲ ಅವಳನ್ನು ಬೆನ್ನ ಹಿಂದೆ 'ಡೌಟ್ ಮೇಡಂ' ಎನ್ನುತ್ತಿದ್ದರು. ಬೀಗ ಹಾಕಿದ ಮೇಲೂ ಎಳೆದು ನೋಡುವವಳು, ಮೆಟ್ಟಿಲಿಳಿದು ಮತ್ತೆ ಹತ್ತಿ ಬಂದು ಎಳೆಯುವವಳು. ಅವನು ಮಾತ್ರ ಆ ಹೆಸರನ್ನು ಅವಳ ಮುಂದೆಯೇ ಹೇಳುತ್ತಿದ್ದ. ಅವನ ಬಾಯಲ್ಲಿ ಅದು ಬೈಗುಳದಂತೆ ಕೇಳಿಸುತ್ತಿರಲಿಲ್ಲ.

"ಒಂದೇ ಎಳೆಗೆ ಮೂವತ್ತೆರಡು ಮನೆವರೆಗೂ ಸೇರಿಸ್ತೀರಿ," ಎಂದು ಅವನು ಒಮ್ಮೆ ಕೇಳಿದ. "ಎಲ್ಲರೂ ಒಟ್ಟಿಗೇ ಮಾತಾಡಿದ್ರೆ ಕಲಸಿಹೋಗಲ್ವಾ?"

"ಕಲಸಿಹೋಗುತ್ತೆ. ಆದ್ರೆ ಪ್ರತಿ ಮನೆಗೂ ಒಂದು ತಾಳ ಕೊಟ್ಟಿರ್ತೀವಿ, ಅದೇ ಅವರ ಕೋಡ್." ಅವಳು ಬೆರಳಿನಿಂದ ಮೇಜು ತಟ್ಟಿದಳು. ಟಕ್ ಟಕ್, ಬಿಡುವು, ಟಕ್, ದೊಡ್ಡ ಬಿಡುವು, ಟಕ್. "ಬೆಳಕು ಹೀಗೆ ಮಿಂಚುತ್ತೆ, ಕಣ್ಣಿಗೆ ಕಾಣದಷ್ಟು ಬೇಗ. ಈ ತಾಳ ಗೊತ್ತಿರೋ ಯಂತ್ರ ನಾಲ್ಕು ಮಿಂಚನ್ನೂ ಒಂದರ ಮೇಲೊಂದು ಪೇರಿಸುತ್ತೆ. ಪರದೆ ಮೇಲೆ ಗೋಪುರದ ಹಾಗೆ ಏಳುತ್ತೆ. ಉಳಿದವರದ್ದೆಲ್ಲ ಚೆದುರಿಹೋಗಿ ಹುಲ್ಲಿನ ಹಾಗೆ ಕೆಳಗೇ ಇರುತ್ತೆ."

"ಇದು ಯಾರ ತಾಳ?"

"ಹತ್ತೊಂಬತ್ತು. ಯಾರದ್ದೂ ಅಲ್ಲ. ಪರೀಕ್ಷೆಗೆ ಇಟ್ಕೊಂಡಿದ್ದು."

"ಯಾರದ್ದೂ ಅಲ್ಲ," ಎಂದು ಅವನು ಅವಳನ್ನೇ ನೋಡುತ್ತ ಮೇಜಿನ ಆ ಬದಿಯಿಂದ ಅದೇ ತಾಳ ತಟ್ಟಿದ. ಒಂದು ಬಿಡುವೂ ತಪ್ಪಲಿಲ್ಲ.

ಆಮೇಲೆ ದಿನಾ ಸಂಜೆ ಐದಕ್ಕೆ, ಕೆಲಸ ಮುಗಿಸಿ ರಸ್ತೆಬದಿಯ ಪೆಟ್ಟಿಗೆ ಮುಚ್ಚುವ ಮುಂಚೆ, ಅವನು ಹತ್ತೊಂಬತ್ತನ್ನು ಕಳಿಸತೊಡಗಿದ. ಪರದೆಯ ಮೇಲೊಂದು ಅಡ್ಡಗೆರೆ ಇತ್ತು. ಗೋಪುರ ಆ ಗೆರೆ ದಾಟಿದರೆ ಪಕ್ಕದ ಹಸಿರು ದೀಪ ಹೊತ್ತಿಕೊಳ್ಳುತ್ತಿತ್ತು. ಅವಳು ಪುಸ್ತಕದಲ್ಲಿ 'ಪರೀಕ್ಷೆ, ಸರಿ' ಎಂದು ಬರೆದು, ನೋಟ್‌ಬುಕ್ ಎತ್ತಿಕೊಂಡು ಸಂಜೆ ಕಾಲೇಜಿನ ತರಗತಿಗೆ ಓಡುತ್ತಿದ್ದಳು. ತರಗತಿಯಲ್ಲಿ ಬೆರಳುಗಳು ಬೆಂಚನ್ನು ತಟ್ಟುತ್ತಿದ್ದವು. ಪಕ್ಕದವಳು ಕೈ ಹಿಡಿದು ನಿಲ್ಲಿಸಬೇಕಾಗುತ್ತಿತ್ತು.

ಒಂದು ಸಂಜೆ ಅವನು ಮೆಟ್ಟಿಲ ಬಳಿ ಕಾದಿದ್ದ.

"ನಾಳೆ ಕಡೇ ಪೆಟ್ಟಿಗೆ ಹತ್ರ ಇರ್ತೀನಿ. ಐದಕ್ಕೆ ಒಂದೇ ಸಲ ಕಳಿಸ್ತೀನಿ. ಮನಸ್ಸಿದ್ರೆ ನೀವೂ ಹತ್ತೊಂಬತ್ತು ವಾಪಸ್ ಕಳಿಸಿ. ಇಲ್ಲದಿದ್ರೆ ಸುಮ್ಮನಿದ್ದುಬಿಡಿ. ಆಮೇಲೆ ನಾನೂ ಈ ಮಾತು ಎತ್ತಲ್ಲ, ನೀವೂ ಎತ್ತಬೇಡಿ."

ಅವಳ ಕಿವಿ ಬಿಸಿಯಾಯಿತು. "ಈಗಲೇ ಬಾಯಲ್ಲಿ ಕೇಳಬಹುದಲ್ಲ?"

"ನೀವು ಮೂರು ಸಲ ಹೇಳಿಸ್ತೀರಿ ಮೇಡಂ. ನನಗೆ ಒಂದ್ಸಲಕ್ಕೆ ಆಗೋಷ್ಟೇ ಧೈರ್ಯ ಇರೋದು."

ಮರುದಿನ ಬೆಳಿಗ್ಗೆ ಆ ಎಳೆಗೆ ಏಳು ಹೊಸ ಮನೆಗಳು ಸೇರಿದವು. ಮನೆ ಹೆಚ್ಚಿದಂತೆ ಹುಲ್ಲೂ ಬೆಳೆಯುತ್ತದೆ. ಯಾರ್ಯಾರದೋ ಮಿಂಚುಗಳು ಆಕಸ್ಮಿಕವಾಗಿ ಒಂದರ ಮೇಲೊಂದು ಬಿದ್ದು ಗೆರೆ ದಾಟುವುದೂ ಉಂಟು. ಮಧ್ಯಾಹ್ನ ಹತ್ತೊಂಬತ್ತರ ಹಸಿರು ದೀಪ ತಾನಾಗಿಯೇ ಎರಡು ಸಲ ಹೊತ್ತಿತು. ಎರಡು ಸಲವೂ ಅವಳು ಕುರ್ಚಿಯಿಂದ ಎದ್ದು ನಿಂತಳು. ಅವನಿನ್ನೂ ಪೆಟ್ಟಿಗೆಯ ಹತ್ತಿರ ಹೋಗಿಯೇ ಇರಲಿಲ್ಲ.

ಅವನು ಕಳಿಸದೇ ಇದ್ದದ್ದಕ್ಕೆ ತಾನು ಉತ್ತರ ಕೊಟ್ಟುಬಿಟ್ಟರೆ? ಅವನು ಕೊನೇ ಗಳಿಗೆಯಲ್ಲಿ ಮನಸ್ಸು ಬದಲಿಸಿ ಸುಮ್ಮನಿದ್ದು, ಯಾರದೋ ಗಲಾಟೆಗೆ ತಾನು ಹೂಂ ಅಂದರೆ? ನಾಚಿಕೆಯಿಂದ ಸಾಯಬೇಕಾದೀತು. ಇಂಥ ಹೊತ್ತಿನಲ್ಲಿ ಗೆರೆಯನ್ನು ಒಂದು ಹಂತ ಏರಿಸಬೇಕೆಂಬುದು ನಿಯಮ. ಅವಳು ಎರಡು ಹಂತ ಏರಿಸಿದಳು. ದೀಪ ಹೊತ್ತಿದರೆ ಅದು ಅವನೇ ಆಗಿರಬೇಕು, ಬೇರೆ ಮಾತಿಲ್ಲ.

ಐದಾಯಿತು. ಐದೂ ಹತ್ತಾಯಿತು. ದೀಪ ಹೊತ್ತಲಿಲ್ಲ. ಆ ದಿನ ಅವಳು ತರಗತಿಗೆ ಹೋಗಲಿಲ್ಲ.

"ಕೇಳೋಕೆ ಬಾಯಿಗೆ ಬೀಗ ಬಿದ್ದಿದ್ಯೇನೇ?" ಎಂದಳು ಮನೆಯಲ್ಲಿ ಅಕ್ಕ, ಒಣಗಿದ ಬಟ್ಟೆ ಮಡಚುತ್ತ.

"ಮಾತು ಎತ್ತಬೇಡಿ ಅಂದಿದ್ದಾರಕ್ಕ."

"ಅವನು ಅಂದ, ನೀನು ಪಾಲಿಸಿದೆ! ಬಾಯಿ ಬಿಟ್ರೆ ಬಣ್ಣಗೇಡು ಅಂತ ಕೂತ್ರೆ ಬಾಳೇ ಬಣ್ಣಗೇಡಾಗುತ್ತೆ ಕಣೇ."

ಯಂತ್ರದ ಹಳೆಯ ದಾಖಲೆ ತೆರೆದರೆ ಗೆರೆಯ ಕೆಳಗೆ ಬಿದ್ದದ್ದೂ ಕಾಣುತ್ತಿತ್ತು. ತೆರೆದು ನೋಡಿ, ಅಲ್ಲಿ ಏನೂ ಇರದಿದ್ದರೆ? ಆ ಭಯಕ್ಕೆ ತೆರೆಯಲಿಲ್ಲ. ಎಲ್ಲವನ್ನೂ ಮೂರು ಸಲ ನೋಡುವವಳು ಇದೊಂದನ್ನು ಒಂದು ಸಲವೂ ನೋಡಲಿಲ್ಲ.

ಅವನು ಕೊಟ್ಟ ಮಾತಿಗೆ ತಪ್ಪಲಿಲ್ಲ. ಮತ್ತೆ ಆ ವಿಷಯ ಎತ್ತಲಿಲ್ಲ. ಫೋನಿನಲ್ಲಿ "ಸರಿ ಮೇಡಂ", "ಆಯ್ತು ಮೇಡಂ", ಅಷ್ಟೇ. ಡೌಟ್ ಮೇಡಂ ಎನ್ನುವುದನ್ನೂ ಬಿಟ್ಟ. ಮೀಸೆ ಮತ್ತೆ ಬೆಳೆಯಿತು. ವರ್ಷ ತುಂಬುವುದರೊಳಗೆ ಅವನ ಮದುವೆಯಾಯಿತು. ಕಚೇರಿಯವರೆಲ್ಲ ಹೋದರು. ಅವಳಿಗೆ ಅಂದು ಕಾಲೇಜಿನ ಪರೀಕ್ಷೆ ಇತ್ತು. ಇಲ್ಲದಿದ್ದರೂ ಇದೆ ಎನ್ನುತ್ತಿದ್ದಳು.

ಆಮೇಲೆ ಎಳೆ ತುಂಬಿತು. "ಹತ್ತೊಂಬತ್ತನ್ನು ಎಷ್ಟು ದಿನ ಖಾಲಿ ಇಟ್ಕೊಂಡಿರ್ತೀರಿ? ಇದೊಂದು ಅರ್ಜಿ ಇದೆ, ಕೊಟ್ಟುಬಿಡಿ," ಎಂದು ಎಂಜಿನಿಯರ್ ಹಾಳೆಯೊಂದನ್ನು ಮೇಜಿನ ಮೇಲಿಟ್ಟರು.

ಹಾಳೆಯಲ್ಲಿ ಅವನ ಹೊಸ ಮನೆಯ ವಿಳಾಸವಿತ್ತು. ಕೆಳಗೆ ಅವನ ಹೆಂಡತಿಯ ರುಜು.

ಕೋಡ್ ಬೇರೆಯವರಿಗೆ ಕೊಡುವ ಮುನ್ನ ಹಳೆಯ ದಾಖಲೆ ತೆರೆದು ಅಳಿಸಲೇಬೇಕು. ತೆರೆದಳು. ಬೆರಳು ತಾನಾಗಿ ಆ ತಾರೀಕಿಗೆ ಹೋಯಿತು.

ಸರಿಯಾಗಿ ಐದು ಗಂಟೆಗೆ, ಹುಲ್ಲಿನ ನಡುವೆ, ತೆಳ್ಳಗಿನ ಒಂದು ಗೋಪುರ. ಕಡೇ ಪೆಟ್ಟಿಗೆಯಿಂದ ಬರುವಷ್ಟರಲ್ಲಿ ಬೆಳಕು ಬಳಲಿರುತ್ತದೆ. ಆದರೂ ಬಂದಿತ್ತು. ಅವಳು ಎಳೆದ ಗೆರೆಗೆ ಉಗುರಿನಷ್ಟು ಕೆಳಗೆ ನಿಂತಿತ್ತು. ಒಂದೇ ಹಂತ ಏರಿಸಿದ್ದರೆ ದಾಟುತ್ತಿತ್ತು.

ಅವಳು ಅದನ್ನು ಮೂರು ಸಲ ನೋಡಿದಳು.

ಸಂಜೆ ಅವನು ಅರ್ಜಿಯ ವಿಷಯ ಕೇಳಲು ಬಂದ. "ಮನೆಯಿಂದ್ಲೇ ಕೆಲಸ ಅವಳದ್ದು. ಲೈನ್ ಇಲ್ಲದೆ ಪರದಾಡ್ತಾಳೆ."

"ನಾಳೆ ಕೊಡ್ತೀನಿ. ಹತ್ತೊಂಬತ್ತು."

ಅವನು ಹೋಗಲಿಲ್ಲ. ಮೇಜಿನ ಅಂಚನ್ನು ನೋಡುತ್ತ ನಿಂತ. "ಮಾತು ಎತ್ತಲ್ಲ ಅಂದಿದ್ದೆ. ಒಂದೇ ಒಂದು ಕೇಳ್ತೀನಿ. ಅವತ್ತು... ಬಂದಿತ್ತಾ?"

ಬರಲಿಲ್ಲ ಎಂದರೆ, ತಾನು ಕಾದಿದ್ದೆನೆಂದು ಅವನಿಗೆ ಅರ್ಥವಾಗುತ್ತದೆ. ಅರ್ಥಮಾಡಿಕೊಂಡು ಆ ಹೊಸ ಮನೆಗೆ ಹೋಗುತ್ತಾನೆ. ಬಾಗಿಲು ತೆರೆಯುವವಳು ಬೇರೆಯವಳು. ಅವಳದ್ದೇನು ತಪ್ಪು?

"ಬಂದಿತ್ತು," ಎಂದಳು. "ದೀಪ ಹೊತ್ತಿತು. ನಾನೇ ಸುಮ್ಮನಿದ್ದೆ."

ಅವನು ಮೆಲ್ಲಗೆ ತಲೆಯಾಡಿಸಿದ. ನಗಲು ನೋಡಿದ. "ಹಾಗಾದ್ರೆ ಜೋಡಣೆ ಸರಿ ಇತ್ತು."

"ಜೋಡಣೆ ಸರಿಯಾಗೇ ಇತ್ತು."

ಮರುದಿನ ಅವನ ಮನೆಯಿಂದ ಹತ್ತೊಂಬತ್ತು ಬಂತು. ಹಸಿರು ದೀಪ ಹೊತ್ತಿತು. ಹಿಂದೆಯೇ ಫೋನ್ ಬಡಿದುಕೊಂಡಿತು. ಉತ್ಸಾಹದ, ಎಳೆಯ ಹೆಣ್ಣುದನಿ. "ಬಂತಾ ಮೇಡಂ? ನಿಮಗೆ ಡೌಟ್ ಇದ್ರೆ ಇನ್ನೊಂದ್ಸಲ ಕಳಿಸ್ಬೇಕಾಗುತ್ತೆ ಅಂತ ಹೇಳಿದ್ದಾರೆ ಇವರು."

"ಬೇಡಮ್ಮ," ಎಂದಳು ಅವಳು. "ಮೊದಲ ಸಲಕ್ಕೇ ಬಂತು."

ಪುಸ್ತಕ ತೆರೆದು ಬರೆದಳು. ಪರೀಕ್ಷೆ, ಸರಿ.