ಬೇಲಿ ದಾಟಿದ ಕಮಾಂಡು

"ಹತ್ತನೇ ಕ್ಲಾಸೂ ಮುಗಿಸದವನ ಕೈಗೆ ಸರ್ವರ್ ಕೊಟ್ಟರೆ ಇನ್ನೇನಾಗುತ್ತೆ!"

ಮ್ಯಾನೇಜರ್ ಏಕಾಂತಪ್ಪ ಕೂಗಾಡುತ್ತಿದ್ದರು. ಶಿವಮೊಗ್ಗ ಕಚೇರಿಯಿಂದ ಮಾಚೇನಹಳ್ಳಿಯ ಕಾರ್ಖಾನೆಗೆ ಓಡಿಬಂದಿದ್ದ ಸಂಘಮಿತ್ರಾ ಬಾಗಿಲಲ್ಲೇ ನಿಂತಳು. ಅವರೆದುರು ನಿಂತಿದ್ದವನೇ ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಮಲ್ಲಿಕ್... ಒಂದು ವರ್ಷ ದಿನವೂ ಫೋನಿನಲ್ಲಿ ಕೇಳಿದ ದನಿ. ಮೊದಲ ಸಲ ಮುಖ ನೋಡಿದ್ದು ಹೀಗೆಯೇ!

ಗೇಟ್‌ಪಾಸ್ ಮುದ್ರಿಸುವ ಸೇವೆ ನಿಂತು, ಹೊರಗೆ ಹನ್ನೊಂದು ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

ಮಲ್ಲಿಕ್ ಅವಳತ್ತ ತಿರುಗಿದ. "ನಾನು ಸ್ಟಾಪ್ ಕಮಾಂಡ್ ಕೊಟ್ಟಿದ್ದು ಟೆಸ್ಟ್ ಜಾಗದ ಒಳಗೆ, ಮೇಡಂ. ಒಳಗಿಂದು ಮಾತ್ರ ನಿಲ್ಬೇಕಿತ್ತು!"

ಅಸಲಿ ಕೆಲಸಕ್ಕೆ ತಾಗದಂತೆ ಪ್ರಯೋಗ ಮಾಡಲೆಂದೇ ಅದೇ ಕಂಪ್ಯೂಟರಿನೊಳಗೆ ಬೇಲಿ ಹಾಕಿ ಬೇರ್ಪಡಿಸಿದ್ದ ಜಾಗವದು.

"ಬೇಲಿ ಒಳಗೆ ಹೋಗೋದನ್ನೇ ಮರೆತು ಹೊರಗೇ ಕೊಟ್ಟಿರ್ತೀರ. ಒಪ್ಕೊಂಡುಬಿಡಿ," ಎಂದಳು.

ತಪ್ಪೊಪ್ಪಿಗೆ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಕೆಲಸ ಉಳಿಯುತ್ತಿತ್ತು. ಅಲ್ಲಿನ ಪದ್ಧತಿಯೇ ಹಾಗೆ. ಮಲ್ಲಿಕ್ ಕಾಗದ ಮುಟ್ಟಲಿಲ್ಲ.

"ಮಾಡದ ತಪ್ಪಿಗೆ ಸಹಿ ಹಾಕೋನಲ್ಲ ನಾನು. ಓದಿಲ್ಲ ಅಂದ್ರೆ ಮಾನ ಇಲ್ಲ ಅಂತಲ್ಲ!"

ಕೆಲಸ ಬಿಟ್ಟು ಹೊರಟೇಹೋದ. ಆ ಕಣ್ಣಲ್ಲಿ ಸುಳ್ಳಿರಲಿಲ್ಲ... ಸಂಘಮಿತ್ರಾಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಭಾನುವಾರ ಶಿವಮೊಗ್ಗದಿಂದಲೇ ಆ ಸರ್ವರಿಗೆ ಅಪ್‌ಡೇಟ್ ಹಾಕಿದ್ದವಳು ತಾನು! ಅದರ ಟಿಪ್ಪಣಿಯನ್ನು ಈಗ ಓದಿದಳು. ಸ್ಟಾಪ್ ಕಮಾಂಡಿನ ರೀತಿಯೇ ಬದಲಾಗಿತ್ತು. ಈಗ ಅದು ನೇರವಾಗಿ ಇಡೀ ಕಂಪ್ಯೂಟರಿನ ಮೂಲ ವ್ಯವಸ್ಥೆಗೇ ಆಜ್ಞೆ ಕೊಡುತ್ತಿತ್ತು; ಅದಕ್ಕೆ ಬೇಲಿ ಲೆಕ್ಕಕ್ಕೇ ಇರಲಿಲ್ಲ.

ನಿಂತಿದ್ದ ಸೇವೆಯನ್ನು ಮತ್ತೆ ಶುರುಮಾಡಿ, ಏಕಾಂತಪ್ಪನವರ ಎದುರಿಗೇ ಬೇಲಿಯೊಳಗೆ ಹೋಗಿ ಸ್ಟಾಪ್ ಕೊಟ್ಟಳು. ಗೇಟಿನ ಪ್ರಿಂಟರ್ ನಿಂತಿತು!

"ನೋಡಿ ಸರ್! ತಪ್ಪು ನಂದು."

"ಹೋಗ್ಲಿ ಬಿಡಮ್ಮ, ಅವನ ಮೇಲೇ ಇರ್ಲಿ. ಅವನಿಗೇನು ಕಳ್ಕೊಳ್ಳೋಕೆ ಡಿಗ್ರಿ ಇದ್ಯಾ?"

ಅವಳ ಮೈಯೆಲ್ಲ ಉರಿದುಹೋಯಿತು. "ಇಂಥ ಮಾತಾಡೋಕೆ ನಾಚಿಕೆ ಆಗಲ್ವಾ ನಿಮಗೆ?" ತಪ್ಪೊಪ್ಪಿಗೆಯನ್ನು ತನ್ನ ಹೆಸರಲ್ಲೇ ಬರೆದು ಬೋರ್ಡಿಗೆ ಅಂಟಿಸಿ, ಭದ್ರಾವತಿಯ ಬಸ್ಸು ಹತ್ತಿದಳು.

ಮಲ್ಲಿಕ್ ಮನೆಯ ಜಗಲಿಯಲ್ಲಿ ಕುಳಿತಿದ್ದ. ಎಲ್ಲ ಕೇಳಿಯೂ ತಲೆ ಎತ್ತಲಿಲ್ಲ.

"ಅವರು ಅಂದಿದ್ದಕ್ಕೆ ನಂಗೇನೂ ಇಲ್ಲ, ಮೇಡಂ. ನೀವೂ ನಂಬ್ಲಿಲ್ವಲ್ಲ!"

"ಬೈಯಿ ಮಾರಾಯ, ಪೂರ್ತಿ ಬೈಯಿ... ಆದ್ರೆ ಮೇಡಂ ಅನ್ಬೇಡ. ನೀನು ಎದ್ದು ಹೋದಾಗ್ಲೇ ಗೊತ್ತಾಯ್ತು, ನೀನಿಲ್ದೆ ನಂಗಾಗಲ್ಲ ಅಂತ."

ಅವನು ತಲೆ ಎತ್ತಿದ.

"ನಂಗೂ ಅಷ್ಟೇ... ಆದ್ರೆ ಕೋಪ ಇನ್ನೂ ಇದೆ, ಸಂಘಮಿತ್ರಾ."

"ಇರ್ಲಿ," ಅವಳು ಕೈ ಚಾಚಿದಳು. "ಅದನ್ನೂ ಕರ್ಕೊಂಡೇ ಬಾ."