ಬ್ರೇಕಿನ ಕೊಂಡಿ

“ಆಮೇಲೆ ಆ ಟ್ರ್ಯಾಕ್ಟರ್ ಏನಾಯ್ತು ಮಾಮ?” ಪುಟ್ಟ ಹುಡುಗ ಕಡ್ಡಿ ಬಾಯಿ ಬಿಟ್ಟುಕೊಂಡು ಕೇಳಿದ.

“ಏನಾಗುತ್ತೆ? ಮೂತಿ ಜಜ್ಜಿಸ್ಕೊಂಡು ಸೀದಾ ನನ್ನ ಗ್ಯಾರೇಜಿಗೆ ಬಂತು,” ಎಂದ ಗ್ಯಾರೇಜ್ ಮಾಮ.

ಅಪ್ಪ ಓಡಿಸುತ್ತಿದ್ದ ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಒಂದು ಗುಂಡಿಗೆ ಇಳಿದು ಹತ್ತಿತು. ಒಳಗಿದ್ದವರೆಲ್ಲ ಒಟ್ಟಿಗೆ ಮೇಲಕ್ಕೆ ಹಾರಿ ಒಟ್ಟಿಗೆ ಕೂತರು. ಅಜ್ಜಿ “ಅಯ್ಯೋ ನನ್ನ ಸೊಂಟ” ಎಂದಳು. ಅಮ್ಮ ಊಟದ ಡಬ್ಬಿಗಳನ್ನು ಕಾಲಿನಿಂದ ಒತ್ತಿ ಹಿಡಿದಳು. ಮಾಮನ ಇಬ್ಬರು ಚಿಕ್ಕ ಮಕ್ಕಳು ಮಾತ್ರ ಇನ್ನೊಂದು ಗುಂಡಿ ಬರಲಿ ಎಂದು ಕಾಯುತ್ತಿದ್ದರು.

ಊರಿನಲ್ಲಿ ಟ್ರ್ಯಾಕ್ಟರ್ ಇರುವವರಿಗೆಲ್ಲ ವಾರದ ಕೊನೆ ಬಂತೆಂದರೆ ಇದೇ ಕೆಲಸ. ಶನಿವಾರ ಸಂಜೆ ಗ್ರೀಸ್ ಹೊಡೆಯುವುದು, ಆಯಿಲ್ ನೋಡುವುದು, ನಟ್ಟು ಬೋಲ್ಟು ಬಿಗಿ ಮಾಡುವುದು. ಭಾನುವಾರ ಮನೆಯವರನ್ನು, ಪಕ್ಕದ ಮನೆಯವರನ್ನು ಟ್ರೇಲರಿನಲ್ಲಿ ಹೇರಿಕೊಂಡು ಕೆರೆಗೆ ಹೋಗುವುದು. ಅಲ್ಲಿ ಟ್ರ್ಯಾಕ್ಟರಿಗೂ ಸ್ನಾನ, ಮಕ್ಕಳಿಗೂ ಸ್ನಾನ. ದೊಡ್ಡವರಿಗೆ ಮೀನು ಹಿಡಿಯುವುದು, ಇಸ್ಪೀಟು, ನೆರಳಿನಲ್ಲಿ ಒಂದು ಗಡದ್ದು ನಿದ್ದೆ.

ಬುಗುರಿಗೆ ಇಡೀ ವಾರದಲ್ಲಿ ಇಷ್ಟವಾದ ದಿನ ಇದೇ. ಅವಳು ಕಡ್ಡಿಯ ಅಕ್ಕ, ಐದನೇ ಕ್ಲಾಸು. ಒಂದು ಕಡೆ ನಿಲ್ಲುವವಳೇ ಅಲ್ಲವಾದ್ದರಿಂದ ಅಜ್ಜಿ ಇಟ್ಟ ಹೆಸರು ಅದು. ಈಗ ಮಾತ್ರ ಅವಳು ಅಲುಗಾಡದೆ ಕೂತು ಕತೆ ಕೇಳುತ್ತಿದ್ದಳು.

“ಬ್ರೇಕ್ ಹಾಳಾಗಿತ್ತಾ ಮಾಮ?”

“ಬ್ರೇಕ್ ಚೆನ್ನಾಗೇ ಇತ್ತು, ಅದೇ ತಮಾಷೆ,” ಮಾಮ ತನ್ನ ಉದ್ದನೆಯ ಗಾಳದ ಕೋಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೇಳಿದ. “ನೋಡು, ಟ್ರ್ಯಾಕ್ಟರಿಗೆ ಬ್ರೇಕ್ ಪೆಡಲ್ ಎರಡು, ಅಕ್ಕಪಕ್ಕ. ಒಂದು ಎಡಗಡೆ ಚಕ್ರಕ್ಕೆ, ಇನ್ನೊಂದು ಬಲಗಡೆ ಚಕ್ರಕ್ಕೆ. ಹೊಲದಲ್ಲಿ ಗಕ್ಕನೆ ತಿರುಗಿಸ್ಬೇಕಲ್ಲ, ಆಗ ಒಂದನ್ನೇ ಒತ್ತಿದ್ರೆ ನಿಂತಲ್ಲೇ ತಿರುಗುತ್ತೆ. ಆದ್ರೆ ರೋಡಿಗೆ ಬಂದ್ರೆ ಎರಡನ್ನೂ ಸೇರಿಸಿ ಕೊಂಡಿ ಹಾಕ್ಬೇಕು. ಆ ಡ್ರೈವರ್ ಹಾಕಿರ್ಲಿಲ್ಲ.”

“ಹಾಕದಿದ್ರೆ?”

“ಇಳಿಜಾರಲ್ಲಿ ಸ್ಪೀಡಾಗಿ ಹೋಗ್ತಿರ್ತೀಯ. ಬ್ರೇಕ್ ಒತ್ತುತ್ತೀಯ. ಕಾಲು ಒಂದೇ ಪೆಡಲ್ ಮೇಲೆ ಬಿತ್ತು ಅಂದ್ಕೋ. ಒಂದು ಚಕ್ರ ನಿಲ್ಲುತ್ತೆ, ಇನ್ನೊಂದು ಓಡುತ್ತೆ. ಟ್ರ್ಯಾಕ್ಟರ್ ಅಡ್ಡ ತಿರುಗುತ್ತೆ, ಹಿಂದಿಂದ ಟ್ರೇಲರ್ ಬಂದು ನೂಕುತ್ತೆ. ಆಮೇಲೆ ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗಲ್ಲ. ಪುಣ್ಯಾತ್ಮನ ಕಾಲು ಎರಡು ಕಡೆ ಮುರೀತು.”

“ಮಕ್ಕಳ ಮುಂದೆ ಇಂಥ ಕತೆ ಯಾಕಪ್ಪ?” ಎಂದಳು ಅಮ್ಮ.

ಬುಗುರಿಗೆ ಆ ಮಾತು ಕೇಳಿಸಲಿಲ್ಲ. ಅವಳಿಗೆ ನಿನ್ನೆಯದು ನೆನಪಾಗಿತ್ತು.

ನಿನ್ನೆ ಸಂಜೆ ಅಪ್ಪ ಗ್ರೀಸ್ ಹೊಡೆದು ಮುಗಿಸಿ ಕೈ ತೊಳೆಯಲು ಒಳಗೆ ಹೋಗಿದ್ದ. ಅಂಗಳದಲ್ಲಿ ಟ್ರ್ಯಾಕ್ಟರ್ ಒಂದೇ ಇತ್ತು. ಅದರ ಮೇಲೆ ಒಬ್ಬಳೇ ಹತ್ತಬಾರದು ಎಂದು ಅಪ್ಪ ಹೇಳಿದ್ದು ಒಂದು ಸಲವಲ್ಲ, ನೂರು ಸಲ. ಕೀ ಇಲ್ಲವಲ್ಲ, ಏನಾಗುತ್ತೆ ಎಂದುಕೊಂಡು ಬುಗುರಿ ಹತ್ತಿದ್ದಳು. ಸ್ಟೇರಿಂಗ್ ಹಿಡಿದು ಬುರ್ ಎಂದಳು. ಕೆಳಗೆ ಎರಡು ಪೆಡಲ್ ಅಂಟಿಕೊಂಡಿದ್ದವು. ನಡುವೆ ಬೆರಳುದ್ದದ ಒಂದು ಕಬ್ಬಿಣದ ಕೊಂಡಿ. ಹೊಲದಲ್ಲಿ ಅಪ್ಪ ಅದನ್ನು ಕಾಲಿನಿಂದಲೇ ಎತ್ತುವುದನ್ನು ಅವಳು ನೋಡಿದ್ದಳು. ಅವಳೂ ಎತ್ತಿದಳು. ಪೆಡಲ್‌ಗಳು ಬೇರೆ ಬೇರೆಯಾದವು. ಸೀಟಿನಿಂದ ಇಳಿದು ನಿಂತು ಒಂದನ್ನು ಒತ್ತಿದಳು, ಇನ್ನೊಂದನ್ನು ಒತ್ತಿದಳು. ಅಷ್ಟರಲ್ಲಿ ಅಮ್ಮ ಕರೆದಳು. ಬುಗುರಿ ಧುಮುಕಿ ಓಡಿಬಿಟ್ಟಿದ್ದಳು.

ಕೊಂಡಿ ಮತ್ತೆ ಹಾಕಿದ್ದಳೇ?

ಇಲ್ಲ. ಎಷ್ಟು ನೆನಪಿಸಿಕೊಂಡರೂ ಇಲ್ಲ.

ಅಪ್ಪ ನೋಡಿರುತ್ತಾನೆ ಎಂದುಕೊಂಡಳು. ಬೆಳಗ್ಗೆ ಅಪ್ಪ ಡೀಸೆಲ್ ನೋಡಿದ, ಟೈರಿಗೆ ಒದ್ದು ನೋಡಿದ, ಟ್ರೇಲರಿನ ಪಿನ್ ಎಳೆದು ನೋಡಿದ. ಆಮೇಲೆ ಹತ್ತಿ ಕೂತ. ಬಗ್ಗಿ ಕೆಳಗೆ ನೋಡಿದನೇ? ಅವಳು ಆಗ ಕಡ್ಡಿಯ ಜೊತೆ ಮೂಲೆಯ ಜಾಗಕ್ಕೆ ಕಿತ್ತಾಡುತ್ತಿದ್ದಳು.

ಬುಗುರಿ ಮಂಡಿಯೂರಿ ಟ್ರೇಲರಿನ ಮುಂದಿನ ಹಲಗೆಯವರೆಗೆ ತೆವಳಿದಳು. ಅಲ್ಲಿಂದ ಅಪ್ಪನ ಬೆನ್ನು, ತಲೆಗೆ ಸುತ್ತಿದ ಟವೆಲ್ಲು ಕಾಣುತ್ತಿತ್ತು. ಕಾಲು ಕಾಣಲಿಲ್ಲ. ದೊಡ್ಡ ಮಡ್‌ಗಾರ್ಡ್ ಅಡ್ಡ.

“ಅಪ್ಪಾ,” ಎಂದು ಕೂಗಿದಳು.

ಇಂಜಿನ್ನಿನ ಗದ್ದಲದಲ್ಲಿ ಅವಳ ಕೂಗು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಕಡ್ಡಿಗೆ ಮಾತ್ರ ಕೇಳಿಸಿತು. ಇದೇನೋ ಹೊಸ ಆಟ ಎಂದುಕೊಂಡು ಅವನೂ “ಅಪ್ಪಾ” ಎಂದ. ಮಾಮನ ಮಕ್ಕಳು “ಮಾಮಾ” ಎಂದು ಸೇರಿಕೊಂಡರು. ಅಪ್ಪ ಹಿಂದಕ್ಕೆ ತಿರುಗದೆ ಒಂದು ಕೈ ಎತ್ತಿ ಆಡಿಸಿದ.

ಇಟ್ಟಿಗೆ ಗೂಡು ಹಿಂದಕ್ಕೆ ಹೋಯಿತು. ಇನ್ನು ನೀರಿನ ಟ್ಯಾಂಕು, ಅದಾದ ಮೇಲೆ ಒಂದು ತಿರುವು. ತಿರುವು ದಾಟಿದರೆ ಇಳಿಜಾರು. ಕೆರೆಯವರೆಗೂ ಇಳಿಜಾರು. ಹೋದ ವಾರ ಅಲ್ಲಿ ಅವಳೇ “ಇನ್ನೂ ಸ್ಪೀಡು, ಇನ್ನೂ ಸ್ಪೀಡು” ಎಂದು ಕಿರುಚಿದ್ದಳು.

ಮಾಮನಿಗೆ ಹೇಳಿಬಿಡಲೇ? ಮಾಮನ ಬಾಯಿ ಮೈಕ್ ಇದ್ದ ಹಾಗೆ. ನಾಳೆ ಗ್ಯಾರೇಜಿಗೆ ಬಂದವರಿಗೆಲ್ಲ ಇದೇ ಕತೆ. ಅಮ್ಮನಿಗೆ ಹೇಳಿದರೆ ಇಲ್ಲೇ ಎರಡು ಬಿಗಿಯುತ್ತಾಳೆ. ಹಾಗಂತ ಸುಮ್ಮನಿದ್ದರೆ? ಬುಗುರಿ ಟ್ರೇಲರಿನೊಳಗೆ ನೋಡಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡು ಗಾಳಿಗೆ ಮುಖ ಕೊಟ್ಟಿದ್ದಳು. ಮಾಮನ ಚಿಕ್ಕ ಮಗಳು ಅಮ್ಮನ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ನೀರಿನ ಟ್ಯಾಂಕು ಬಂತು.

“ಅಜ್ಜೀ, ನನಗೆ ಒಂದಕ್ಕೆ,” ಎಂದಳು ಬುಗುರಿ.

“ಈಗಲೇ?”

“ಈಗಲೇ.”

“ಹತ್ತು ನಿಮಿಷ ತಡ್ಕೋ, ಕೆರೆ ಬಂದೇಬಿಡ್ತು,” ಎಂದಳು ಅಮ್ಮ.

“ಆಗಲ್ಲಮ್ಮ. ನಿಲ್ಲಿಸೋಕೆ ಹೇಳು. ಈಗಲೇ ಹೇಳು.” ಅವಳ ಕಣ್ಣಲ್ಲಿ ನೀರೇ ಬಂದುಬಿಟ್ಟಿತ್ತು.

“ಮನೇಲೇ ಹೋಗಿ ಬರ್ಬೇಕಿತ್ತು. ನಾನು ಬಂದೆ,” ಎಂದ ಕಡ್ಡಿ, ದೊಡ್ಡ ಮನುಷ್ಯನ ಹಾಗೆ.

ಗ್ಯಾರೇಜ್ ಮಾಮ ನಗುತ್ತಾ ಎದ್ದು ನಿಂತು, ಗಾಳದ ಕೋಲನ್ನು ಮುಂದಕ್ಕೆ ಚಾಚಿ ಅಪ್ಪನ ಭುಜಕ್ಕೆ ಕುಟ್ಟಿದ. ಅಪ್ಪ ಬೆಚ್ಚಿ ತಿರುಗಿದ. ಮಾಮ ಕಿರುಬೆರಳು ಎತ್ತಿ ತೋರಿಸಿದ.

ಟ್ರ್ಯಾಕ್ಟರ್ ನಿಧಾನವಾಯಿತು. ನಿಲ್ಲುವಾಗ ಅದರ ಮೂತಿ ಸರಕ್ಕನೆ ಬಲಕ್ಕೆ ಎಳೆಯಿತು. ಅಪ್ಪ ಸ್ಟೇರಿಂಗನ್ನು ನೇರ ಮಾಡಿಕೊಂಡು ರಸ್ತೆಯತ್ತ ಹುಬ್ಬು ಗಂಟಿಕ್ಕಿ ನೋಡಿದ.

ಬುಗುರಿ ಹಾರಿ ಇಳಿದಳು. ಪೊದೆಯ ಕಡೆ ಹೋಗಲಿಲ್ಲ. ಓಡಿ ಹೋಗಿ ಟ್ರ್ಯಾಕ್ಟರಿನ ಮೆಟ್ಟಿಲು ಹತ್ತಿದಳು.

“ಏನೇ? ಆ ಕಡೆ ಹೋಗು, ಯಾರೂ ನೋಡಲ್ಲ,” ಎಂದ ಅಪ್ಪ.

“ಅಪ್ಪಾ, ಬ್ರೇಕಿನ ಕೊಂಡಿ ನೋಡು.”

“ಏನು?”

“ಕೊಂಡಿ. ನಿನ್ನೆ ನಾನು ತೆಗೆದಿದ್ದೆ. ಮತ್ತೆ ಹಾಕ್ಲಿಲ್ಲ.”

ಅಪ್ಪ ಬಗ್ಗಿ ನೋಡಿದ. ಕೊಂಡಿ ಮೇಲಕ್ಕೆ ಎದ್ದು ನಿಂತಿತ್ತು. ಅಪ್ಪನ ಬೂಟು ಬಲಗಡೆ ಪೆಡಲ್ ಮೇಲಿತ್ತು, ಎಡಗಡೆಯದರ ಮೇಲೆ ಬರೀ ಒಂದು ಅಂಚು.

ಅವನು ಕೈಯಿಂದ ಕೊಂಡಿ ಹಾಕಿದ. ಖಟ್ ಎಂದಿತು. ಇಂಜಿನ್ ಆಫ್ ಮಾಡಿದ. ಎಲ್ಲಾ ಕಡೆ ಒಮ್ಮೆಲೇ ಸದ್ದಡಗಿತು.

“ಎಲ್ಲರೂ ಇಳೀರಿ,” ಎಂದ ಅಪ್ಪ, ಹಿಂದೆ ಹೋಗಿ. “ಇಲ್ಲಿಂದ ಕೆರೆಗೆ ನಡ್ಕೊಂಡು ಬನ್ನಿ. ನಾನು ಖಾಲಿ ಗಾಡಿ ಇಳಿಸ್ತೀನಿ.”

“ಏನಾಯ್ತು ಭಾವ?” ಎಂದ ಮಾಮ.

“ಬ್ರೇಕಿನ ಕೊಂಡಿ ಹಾಕಿರ್ಲಿಲ್ಲ. ಹತ್ತೋವಾಗ ನಾನು ನೋಡ್ಲಿಲ್ಲ.”

ಮಾಮ ತನ್ನ ಇಬ್ಬರು ಮಕ್ಕಳನ್ನು ಒಂದೊಂದು ಕಂಕುಳಿಗೆ ಎತ್ತಿಕೊಂಡು ಕೆಳಗೆ ಇಳಿಸಿದ.

ಬುಗುರಿ ತನ್ನ ಹೆಸರು ಬರುವುದನ್ನೇ ಕಾಯುತ್ತಿದ್ದಳು. ಅದು ಬರಲಿಲ್ಲ. ಅಪ್ಪ ಅವಳ ಕಡೆ ತಿರುಗಿಯೂ ನೋಡದೆ ಟ್ರ್ಯಾಕ್ಟರ್ ಹತ್ತಿದ. ಅವರು ತಿರುವಿನಲ್ಲಿ ನಿಂತು ನೋಡುತ್ತಿದ್ದಂತೆ ಅದು ಫಸ್ಟ್ ಗೇರಿನಲ್ಲಿ, ಇರುವೆಯ ಹಾಗೆ, ಇಳಿಜಾರು ಇಳಿಯಿತು. ಮೂರು ಕಡೆ ನಿಂತಿತು. ಮೂರು ಸಲವೂ ನೇರವಾಗಿ ನಿಂತಿತು.

ಕೆರೆಯ ಏರಿಯ ಕೆಳಗೆ ಆಗಲೇ ಎರಡು ಟ್ರ್ಯಾಕ್ಟರ್ ಬಂದಿದ್ದವು. ಒಂದರಲ್ಲಿ ರೇಡಿಯೋ ಹಾಡುತ್ತಿತ್ತು. ಬಕೆಟ್ಟುಗಳು, ಸೋಪಿನ ನೊರೆ, ತೊಳೆದ ಚಕ್ರಗಳಿಂದ ಹರಿಯುವ ಕೆಂಪು ನೀರು. ಕಡ್ಡಿ ಅಂಗಿ ಬಿಚ್ಚಿ ಎಸೆದು ದಡದ ನೀರಿಗೆ ಬಿದ್ದ. ಮಾಮ ಗಾಳ ಹಾಕಿ ಕೂತ. ಆದರೆ ಕತೆ ಹೇಳಲಿಲ್ಲ.

“ಬಾರೇ ಬುಗುರಿ, ನೀರು ಬೆಚ್ಚಗಿದೆ,” ಎಂದು ಕಡ್ಡಿ ಕರೆದ.

“ನನಗೆ ಬೇಡ.”

ಅವಳು ಅಜ್ಜಿಯ ಪಕ್ಕದಲ್ಲಿ ಮರಕ್ಕೆ ಒರಗಿ ಕೂತಳು. ಅಪ್ಪ ಯಾವಾಗ ಕರೆಯುತ್ತಾನೋ ಎಂದು ಒಂದೇ ಸಮನೆ ಅವನ ಕಡೆ ನೋಡುತ್ತಿದ್ದಳು. ಅಪ್ಪ ಕೋಪ ಬಂದರೆ ಜೋರು ಮಾಡುವವನು. ಹೀಗೆ ಸುಮ್ಮನಿದ್ದಾನೆಂದರೆ ಕೋಪ ಎಷ್ಟಿರಬೇಕು. ಇಸ್ಪೀಟಿಗೆ ಕರೆದರು, ಅಪ್ಪ ಹೋಗಲಿಲ್ಲ. ಈಜಲು ಕರೆದರು, ಹೋಗಲಿಲ್ಲ. ಒಂದೇ ಚಕ್ರವನ್ನು ತೊಳೆಯುತ್ತಲೇ ಇದ್ದ.

ಊಟದ ಹೊತ್ತಾಯಿತು. ಅಮ್ಮ ಎಲ್ಲರಿಗೂ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಹಂಚಿದಳು. ಬುಗುರಿ ತನ್ನ ಬ್ರೆಡ್ಡಿನ ಅರ್ಧ ತುಂಡನ್ನು ಕಡ್ಡಿಯ ತಟ್ಟೆಗೆ ಜಾರಿಸಿದಳು. ಮಧ್ಯಾಹ್ನ ಮೆಲ್ಲಗೆ ಕಳೆಯಿತು. ದೊಡ್ಡವರು ಟ್ರೇಲರುಗಳ ನೆರಳಿನಲ್ಲಿ ಕಾಲು ಚಾಚಿದರು. ಅಜ್ಜಿ ಗೊರಕೆ ಹೊಡೆದಳು.

ಇನ್ನು ತಡೆಯಲಾಗಲಿಲ್ಲ. ಬುಗುರಿ ಎದ್ದು ಅಪ್ಪನ ಬಳಿಗೆ ಹೋದಳು. ಅವನು ಟ್ರ್ಯಾಕ್ಟರಿನ ಆಚೆ ಬದಿಯಲ್ಲಿ, ಯಾರಿಗೂ ಕಾಣದ ಹಾಗೆ, ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದ.

“ಅಪ್ಪಾ, ಬೈದುಬಿಡು,” ಎಂದಳು.

ಅಪ್ಪ ತಲೆ ಎತ್ತಿದ.

“ಬೈಬೇಕು,” ಎಂದ. “ಬೈತೀನಿ. ಈಗ ಬಾಯೇ ಬರ್ತಿಲ್ಲ.”

ಬುಗುರಿ ಕಾಲ್ಬೆರಳಿನಿಂದ ಮಣ್ಣು ಕೆದಕುತ್ತಾ ನಿಂತಳು.

“ನಿನ್ನೆ ಹೊಲದಿಂದ ಬರೋವಾಗ ನಾನೇ ಕೊಂಡಿ ಹಾಕಿದ್ದೆ. ಇರುತ್ತೆ ಅಂದ್ಕೊಂಡು ಹತ್ತಿಬಿಟ್ಟೆ. ನಿಲ್ಲಿಸಿದಾಗ ಮೂತಿ ಬಲಕ್ಕೆ ಎಳೀತಲ್ಲ, ಆಗ್ಲೂ ನನಗೆ ಹೊಳೀಲಿಲ್ಲ ನೋಡು. ರೋಡೇ ಓರೆ ಇದೆ ಅಂದ್ಕೊಂಡೆ.” ಅಪ್ಪ ಇಳಿಜಾರಿನ ಕಡೆ ನೋಡಿದ. ಕುರಿಗಳ ಒಂದು ಹಿಂಡು ಧೂಳೆಬ್ಬಿಸುತ್ತಾ ಇಳಿದು ಬರುತ್ತಿತ್ತು. “ಏಳು ಜನ ಕೂತಿದ್ರಿ ಹಿಂದೆ. ಬೆಳಗ್ಗೆಯಿಂದ ಅದನ್ನೇ ಎಣಿಸ್ತಾ ಇದ್ದೀನಿ.”

ಅಪ್ಪನ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ತೊಳೆದಿದ್ದ ಚಕ್ರವನ್ನೇ ಮತ್ತೆ ಒರೆಸತೊಡಗಿದ.

ಬುಗುರಿ ಆ ಬಟ್ಟೆಯನ್ನೇ ನೋಡಿದಳು. ಮಡ್‌ಗಾರ್ಡಿನ ಮೇಲೆ ಅಮ್ಮ ಇಟ್ಟುಹೋದ ಡಬ್ಬಿ ಮುಚ್ಚಿದ ಹಾಗೇ ಇತ್ತು.

“ನೀನು ಊಟ ಮಾಡ್ಲಿಲ್ವಾ ಅಪ್ಪಾ?”

“ಸೇರ್ಲಿಲ್ಲ.”

“ನನಗೂ ಸೇರ್ಲಿಲ್ಲ.”

ಅವಳು ಡಬ್ಬಿ ಇಳಿಸಿಕೊಂಡು ಮಣ್ಣಿನ ಮೇಲೆ ಕೂತಳು. ಅಪ್ಪನ ಕೈ ತುಂಬ ಸೋಪು, ಜಿಡ್ಡು. ಅದಕ್ಕೆ ಅವಳೇ ಮೊಟ್ಟೆಯ ಸಿಪ್ಪೆ ಸುಲಿದಳು. ಎರಡು ಹೋಳು ಮಾಡಿ ದೊಡ್ಡದನ್ನು ಅವನ ಬಾಯಿಯವರೆಗೆ ಹಿಡಿದಳು. ಅಪ್ಪ ಬಾಯಿ ತೆರೆದ.

“ಒಂದು ತಿಂಗಳು ಟ್ರ್ಯಾಕ್ಟರ್ ಹತ್ರ ಸುಳೀಬಾರ್ದು ನೀನು,” ಎಂದ, ಅಗಿಯುತ್ತಾ.

“ಒಂದು ತಿಂಗಳಾ?”

“ಎರಡು.”

ಬುಗುರಿ ಕೈ ಒರೆಸಿಕೊಂಡು ಎದ್ದು ಹೊರಟಳು.

“ನಾಳೆಯಿಂದ,” ಎಂದ ಅಪ್ಪ. ಪಕ್ಕದಲ್ಲಿದ್ದ ಇನ್ನೊಂದು ಬಕೆಟ್ಟನ್ನು ಕಾಲಿನಿಂದ ಹತ್ತಿರಕ್ಕೆ ಎಳೆದು ಮಗುಚಿದ. “ಇವತ್ತು ಇಲ್ಲೇ ಕೂತ್ಕೋ.”

ಅವಳು ಕೂತಳು.